ಕಟಿಂಗ್ ಶಾಪಿನ ಕನ್ನಡಿಯಲ್ಲಿ ಗಿಟಾರ್

ಆಗಸ್ಟ್ 3, ಭಾನುವಾರ

ಹೆಂಡತಿ ಬೆಳಗಿನ ರೈಲಿಗೆ ಹೋದಳು. ಇನ್ನು ಮೂರು ತಿಂಗಳು ಬರುವುದಿಲ್ಲ. ಅವಳು ನರ್ಸ್. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಕೆಲಸ ಕಲಿತು ಬಂದರೆ ಇಲ್ಲಿ ಬಡ್ತಿ ಸಿಗುತ್ತದೆ. ಹೋಗು ಎಂದು ಹುರಿದುಂಬಿಸಿದವನು ನಾನೇ. ಆಗ ಧೈರ್ಯ ಇತ್ತು. ರೈಲು ಹೊರಟು, ಪ್ಲಾಟ್‌ಫಾರ್ಮಿನ ಮೇಲೆ ನಾನೂ ಅವಳ ಮಗಳೂ ಇಬ್ಬರೇ ಉಳಿದಾಗ ನೋಡುತ್ತೇನೆ, ಧೈರ್ಯವೂ ಅದೇ ರೈಲು ಹತ್ತಿ ಹೋಗಿದೆ.

ಹುಡುಗಿಗೆ ಹತ್ತು ವರ್ಷ. ಅವಳಪ್ಪ ತೀರಿಕೊಂಡಾಗ ಅವಳಿಗೆ ಮೂರು. ನನ್ನದೂ ಅವಳ ತಾಯಿಯದೂ ಮದುವೆಯಾಗಿ ಏಳು ತಿಂಗಳು. ಈ ಏಳು ತಿಂಗಳಲ್ಲಿ ನಾನೂ ಹುಡುಗಿಯೂ ಆಡಿದ ಮಾತನ್ನೆಲ್ಲ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿದರೆ ಕಡ್ಡಿಗೂ ಜಾಗ ಉಳಿಯುತ್ತದೆ. ತಪ್ಪು ಅವಳದಲ್ಲ, ನಾನೇ ಮೂಕ ಬಸವ. ಕಟಿಂಗ್ ಶಾಪ್ ಇಟ್ಟವನಿಗೆ ಮಾತು ಬಾರದಿದ್ದರೆ ಹೇಗಯ್ಯಾ ಎಂದು ಗಿರಾಕಿಗಳು ಹತ್ತೊಂಬತ್ತು ವರ್ಷದಿಂದ ನಗುತ್ತಿದ್ದಾರೆ. ಕತ್ತರಿ ಮಾತಾಡುತ್ತಿರುವಾಗ ನಾನೇಕೆ ಮಧ್ಯೆ ಬಾಯಿ ಹಾಕಲಿ ಎಂದು ನನ್ನ ವಾದ. ಅದನ್ನೂ ಬಾಯಿಬಿಟ್ಟು ಹೇಳಿದವನಲ್ಲ.

ಈ ನೋಟ್‌ಬುಕ್ ಹೆಂಡತಿ ಕೊಟ್ಟದ್ದು. "ಬಾಯಲ್ಲಿ ಬರದೇ ಇದ್ರೆ ಕೈಯಲ್ಲಾದ್ರೂ ಬರಲಿ. ಬರೀರಿ. ನಾನೇನೂ ಓದಲ್ಲ" ಎಂದಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತು. ಆಗ ಬರೆಯಬೇಕು.

ಅತ್ತೆಯೂ ಫೋನ್ ಮಾಡಿದ್ದರು. ಅಕ್ಟೋಬರ್ ಕೊನೆಗೆ ಶಾಲೆಯ ವಾರ್ಷಿಕೋತ್ಸವಕ್ಕೆ ಬರುತ್ತಾರಂತೆ. "ಮಗು ನಗ್ತಾ ಇದ್ರೆ ಸರಿ. ಸಪ್ಪಗಿದ್ರೆ ಮಾತ್ರ ನಾನು ಕರ್ಕೊಂಡು ಹೋಗ್ತೀನಿ. ನಮ್ಮ ಕಡೆನೂ ಶಾಲೆ ಇದೆ. ಬೇಜಾರು ಮಾಡ್ಕೋಬೇಡಿ" ಎಂದರು. ಹೆಂಡತಿ ಇದಕ್ಕೆ ಒಪ್ಪಿದ್ದಾಳೆ. ಮಗಳು ಒಂದು ಕಡೆ ಇದ್ದರೆ ತಾಯಿಯ ಮನಸ್ಸು ಇನ್ನೊಂದು ಕಡೆ ನಿಂತೀತೇ? ನಲವತ್ತೊಂದನೇ ವಯಸ್ಸಿಗೆ ಕೂಡಿಬಂದ ಸಂಸಾರ ನನ್ನದು. ಅದರ ಪರೀಕ್ಷೆ ಅಕ್ಟೋಬರಿನಲ್ಲಿ.

ಆಗಸ್ಟ್ 5, ಮಂಗಳವಾರ

ಅವಳು ಮೊಟ್ಟೆ ತಿಂದಳು. ನಾನೂ ತಿಂದೆ. ಚೆನ್ನಾಗಿದೆಯಾ ಎಂದು ಕೇಳಬೇಕೆಂದುಕೊಳ್ಳುವಷ್ಟರಲ್ಲಿ ತಟ್ಟೆ ತೊಳೆದಿಟ್ಟು ಹೋಗಿದ್ದಳು.

ನನ್ನನ್ನು ಏನೆಂದು ಕರೆಯಬೇಕೆಂದು ಅವಳಿಗೂ ತಿಳಿಯದು. "ಹಲೋ" ಎನ್ನುತ್ತಾಳೆ. ಫೋನ್ ಎತ್ತಿದವರ ಹಾಗೆ. "ಹಲೋ, ಸೋಪು ಮುಗಿದಿದೆ." ತಾಯಿ ಅವಳನ್ನು ಚೂಟಿ ಎನ್ನುತ್ತಾಳೆ. ಅದು ಅವರಿಬ್ಬರ ನಡುವಿನ ಹೆಸರು, ನಾನು ಮುಟ್ಟುವುದು ಸರಿಯಲ್ಲ.

ಆಗಸ್ಟ್ 9, ಶನಿವಾರ

ಇವತ್ತು ಒಂದು ಪೂರ್ತಿ ವಾಕ್ಯ ಸಿಕ್ಕಿತು. ಶಾಲೆಯಿಂದ ಬಂದವಳು ಅಂಗಡಿಯ ಬಾಗಿಲಲ್ಲಿ ನಿಂತು ಗೋಡೆ ನೋಡಿ, "ಹಲೋ, ಆ ಗಿಟಾರ್ ಯಾರದ್ದು? ನೀವು ಅದನ್ನ ನುಡಿಸ್ತೀರಾ, ಇಲ್ಲಾ ಬರೀ ಒರೆಸ್ತೀರಾ?" ಎಂದಳು.

ಬೇಕರಿಯವರು ಕುರ್ಚಿಯಲ್ಲಿದ್ದರು. ಪಕ್ಕದ ಬೇಕರಿ ಅವರದೇ. ತಲೆಯಲ್ಲಿ ಒಂದೂ ಕೂದಲಿಲ್ಲದಿದ್ದರೂ ದಿನಾ ಶೇವಿಂಗ್ ನೆಪದಲ್ಲಿ ಬಂದು ಅರ್ಧ ಗಂಟೆ ಲೋಕಾಭಿರಾಮ ಮಾತಾಡಿ ಹೋಗುತ್ತಾರೆ. ಮುಖದ ತುಂಬ ನೊರೆ ಇದ್ದರೂ ಉತ್ತರ ಕೊಟ್ಟದ್ದು ಅವರೇ. "ಹನ್ನೊಂದು ವರ್ಷದ ಹಿಂದೆ ಒಬ್ಬ ಕಟಿಂಗ್ ಮಾಡಿಸ್ಕೊಂಡು, ಟೀ ಕುಡಿದು ಬರ್ತೀನಿ ಅಂತ ಗಿಟಾರ್ ಇಟ್ಟು ಹೋದ ಮರೀ. ಇನ್ನೂ ಟೀ ಕುಡೀತಾನೇ ಇದ್ದಾನೆ. ಈ ಪುಣ್ಯಾತ್ಮ ವಾರವಾರ ಧೂಳು ಒರೆಸಿ ಕಾಯ್ತಾ ಕೂತಿದ್ದಾನೆ."

ನಿಜ. ಹೊರಗಿನಿಂದ ಹೋಗುವವನಿಗೆ ಕಾಣಲಿ ಎಂದೇ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಬೇರೆಯವರು ನಂಬಿ ಬಿಟ್ಟುಹೋದದ್ದನ್ನು ಜೋಪಾನ ಮಾಡಬೇಕು ತಾನೇ.

"ಅವ್ರು ಬರೋ ತನಕ ನಾನು ಕಲೀಬಹುದಾ?" ಎಂದಳು.

ನನಗೆ ತಲೆ ಅಲ್ಲಾಡಿಸುವುದು ಬರುತ್ತದೆ. ಅಲ್ಲಾಡಿಸಿದೆ. ಬೇಕರಿಯವರ ಕೆನ್ನೆಗೆ ಸ್ವಲ್ಪ ಬ್ಲೇಡು ತಾಗಿತು.

ಆಗಸ್ಟ್ 10, ಭಾನುವಾರ

ಹಳೆಯ ತಂತಿಗಳೆಲ್ಲ ತುಕ್ಕು. ಹೊಸ ತಂತಿ ತಂದು, ವಾದ್ಯದ ಅಂಗಡಿಯವನು ತೋರಿಸಿದಂತೆ ಕಟ್ಟಿದೆ. ಮೊದಲನೆಯದು ಪಟ್ಟನೆ ಕಿತ್ತು ನನ್ನ ಮೂಗಿಗೆ ಹೊಡೆಯಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೂಗು ಉರಿಯುತ್ತಿದ್ದರೂ ಇನ್ನೊಂದು ತಂತಿ ಕಿತ್ತರೂ ಪರವಾಗಿಲ್ಲ ಅನ್ನಿಸಿತು.

ಎಡಗೈ ಉಗುರು ಉದ್ದ ಇದ್ದರೆ ತಂತಿ ಒತ್ತಲಾಗುವುದಿಲ್ಲವಂತೆ. ಉಗುರು ಕತ್ತರಿಸುವುದಾದರೆ ನನ್ನ ಇಲಾಖೆ. ಅವಳ ಐದೂ ಬೆರಳು ಹಿಡಿದು ಕತ್ತರಿಸಿದೆ. ಕೈ ತಣ್ಣಗಿತ್ತು, ಆದರೆ ಹಿಂದೆಗೆಯಲಿಲ್ಲ. ಬಲಗೈ ಉಗುರು ಹಾಗೇ ಬಿಟ್ಟೆವು, ಮೀಟಲು ಬೇಕಲ್ಲ. ಸಂಜೆ ವಿಡಿಯೊ ಕರೆಯಲ್ಲಿ ಅತ್ತೆ ಅದನ್ನು ನೋಡಿ, "ಇದೇನು, ಒಂದೇ ಕೈಗೆ ಉಗುರು ತೆಗೆದಿದ್ದೀರಾ? ಇನ್ನೊಂದು ಕೈ ಮರೆತುಬಿಟ್ರಾ?" ಎಂದರು. ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಿಟ್ಟುಸಿರು ಬಿಟ್ಟಾಗಿತ್ತು.

ಆಗಸ್ಟ್ 16, ಶನಿವಾರ

ವಾರವಿಡೀ ಜಗಳ, ನಮ್ಮಿಬ್ಬರ ನಡುವೆ ಅಲ್ಲ, ಹುಡುಗಿಗೂ ಮೀಸೆ ಮೇಷ್ಟ್ರಿಗೂ. ಮೀಸೆ ಮೇಷ್ಟ್ರು ಎಂದರೆ ಮೊಬೈಲಿನ ವಿಡಿಯೊದಲ್ಲಿ ಪುಕ್ಕಟೆ ಗಿಟಾರ್ ಪಾಠ ಹೇಳುವವರು. ಅವರ ಕಟಿಂಗ್ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು. ನನಗೆ ಬೆರಳಿನ ಕಡೆ ಗಮನವೇ ಹೋಗದು.

ಗಿಟಾರ್ ಕಲಿಯುವವರಿಗೆ ಮೊದಲು ಬರಬೇಕಾದದ್ದು ಕಾರ್ಡ್. ಮೂರು ಬೆರಳನ್ನು ಮೂರು ತಂತಿಯ ಮೇಲೆ ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟು. ಒಂದೊಂದು ಪಟ್ಟಿಗೂ ಜಿ, ಸಿ, ಡಿ ಎಂದು ಇಂಗ್ಲಿಷ್ ಅಕ್ಷರದ ಹೆಸರು. ಮೇಷ್ಟ್ರು ಎದುರಿಗೆ ಕೂತು ತೋರಿಸುತ್ತಾರೆ. ಅವರ ಗಿಟಾರಿನ ಕುತ್ತಿಗೆ ಇವಳ ಬಲಗಡೆಗೆ ಕಾಣುತ್ತದೆ, ಇವಳದ್ದು ಎಡಗಡೆಗೆ. ಅವರ ಬೆರಳು ಬಲಕ್ಕೆ ಸರಿದರೆ ಇವಳದ್ದು ಎಡಕ್ಕೆ ಸರಿಯಬೇಕು. "ಇವ್ರು ಉಲ್ಟಾ ಇದ್ದಾರೆ!" ಎಂದು ಇವತ್ತು ಗಿಟಾರನ್ನು ಬೆಂಚಿನ ಮೇಲೆ ಕುಕ್ಕಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಎಡಬಲದ ವಿಷಯದಲ್ಲಿ ನನ್ನಷ್ಟು ಪಳಗಿದವರು ಯಾರಿದ್ದಾರೆ? ಹತ್ತೊಂಬತ್ತು ವರ್ಷದಿಂದ ಜನರ ಮುಖವನ್ನು ಕನ್ನಡಿಯಲ್ಲೇ ನೋಡಿದವನು ನಾನು. ಅವಳನ್ನು ದೊಡ್ಡ ಕನ್ನಡಿಯ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ಕುರ್ಚಿಯ ಕೈಗಳು ಗಿಟಾರಿಗೆ ತಾಗಿದವು. ಅದಕ್ಕೆ ಚಿಕ್ಕ ಮಕ್ಕಳ ಕಟಿಂಗಿಗೆಂದು ಅಡ್ಡ ಇಡುವ ಹಲಗೆ ಇಟ್ಟೆ. "ನಾನೇನು ಎಲ್‌ಕೆಜಿನಾ?" ಎಂದು ಮೂತಿ ಉಬ್ಬಿಸಿದಳಾದರೂ ಹತ್ತಿ ಕೂತಳು. ಮೊಬೈಲನ್ನು ಅವಳ ಹಿಂದಿನ ಶೆಲ್ಫಿನಲ್ಲಿ ಕನ್ನಡಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಈಗ ಕನ್ನಡಿಯಲ್ಲಿ ಮೇಷ್ಟ್ರೂ ಅವಳೂ ಅಕ್ಕಪಕ್ಕ. ಇಬ್ಬರ ಗಿಟಾರಿನ ಕುತ್ತಿಗೆಯೂ ಒಂದೇ ಕಡೆ. ಅವಳು ಕಣ್ಣು ಕಿರಿದಾಗಿಸಿ, ಮೇಷ್ಟ್ರ ಬೆರಳು ನೋಡಿ, ತನ್ನ ಬೆರಳು ನೋಡಿ, ಒತ್ತಿ ಮೀಟಿದಳು. ಜಿ ಬಂತು. ಪೂರ್ತಿ, ದುಂಡಗೆ ಬಂತು.

"ಹಲೋ! ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದಳು. ಕನ್ನಡಿಯೊಳಗಿನಿಂದಲೇ ನನ್ನನ್ನು ನೋಡಿ ನಕ್ಕಳು.

ಆಗಸ್ಟ್ 18, ಸೋಮವಾರ

ಜಿ. ಜಿ. ಜಿ. ಬೆಳಗ್ಗೆ ಆರಕ್ಕೆ ಜಿ. ಹಲ್ಲುಜ್ಜಿ ಜಿ. ಬೇಕರಿಯವರು ಗೋಡೆ ಬಡಿದು, "ಬೇರೆ ಅಕ್ಷರ ಇಲ್ವೇನಮ್ಮಾ?" ಎಂದರು.

ಆಗಸ್ಟ್ 27, ಬುಧವಾರ

ಶಾಲೆಯಿಂದ ಬರುವವರೆಗೆ ಗಿಟಾರ್ ಸುಮ್ಮನೆ ಬಿದ್ದಿರುತ್ತದಲ್ಲ, ಶ್ರುತಿ ಸರಿ ಇದೆಯೋ ಇಲ್ಲವೋ ನೋಡೋಣ ಎಂದು ಮಧ್ಯಾಹ್ನ ಸ್ವಲ್ಪ ಕೈ ಇಟ್ಟೆ. ನನಗೇನೂ ಕಲಿಯುವ ಉಮೇದಿಲ್ಲ. ಅವಳು ಜಿಯಿಂದ ಸಿಗೆ ಹೋಗುವಾಗ ಎಡವುತ್ತಾಳೆ, ಎಲ್ಲಿ ಎಡವುತ್ತಾಳೆಂದು ತಿಳಿಯಬೇಕಾದರೆ ನಾನೂ ಆ ದಾರಿಯಲ್ಲಿ ನಡೆದು ನೋಡಬೇಕು, ಅಷ್ಟೇ. ನಿನ್ನೆಯೂ ನೋಡಿದೆ. ಮೊನ್ನೆಯೂ.

ಬೆರಳ ತುದಿ ಬೆಂದ ಹಾಗಾಗಿದೆ. ಶೇವಿಂಗ್ ಮಾಡುವಾಗ ಎಡಗೈ ಬೆರಳಲ್ಲಿ ಗಿರಾಕಿಯ ಕೆನ್ನೆ ಎಳೆದು ಹಿಡಿಯಬೇಕು. ಹಿಡಿದರೆ ನನಗೇ ಉರಿ. ಬೇಕರಿಯವರು, "ಶೇವಿಂಗ್ ನಂಗೆ, ಮುಖ ಕಿವುಚೋದು ನೀನು" ಎಂದು ನಕ್ಕರು. ಸಂಜೆ ಹುಡುಗಿಯೂ ನಾನೂ ಒಂದೇ ತಣ್ಣೀರಿನ ಬಟ್ಟಲಲ್ಲಿ ಬೆರಳು ಅದ್ದಿ ಕೂತೆವು. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆ ಹೇಳಿದೆ. "ಮುಂದೆ?" ಎಂದಳು. "ನರಳ್ತಾ ನರಳ್ತಾ ರೋಗ" ಎಂದೆ. "ನಾವು ಎರಡೂ ಮಾಡ್ತಾ ಇದ್ದೀವಿ" ಎಂದಳು.

ಸೆಪ್ಟೆಂಬರ್ 6, ಶನಿವಾರ

ಶಾಲೆಯ ವಾರ್ಷಿಕೋತ್ಸವ ಅಕ್ಟೋಬರ್ 25ಕ್ಕೆ. ಚೂಟಿ ತಾನೇ ಹೋಗಿ ಹೆಸರು ಕೊಟ್ಟು ಬಂದಿದ್ದಾಳೆ: ಗಿಟಾರ್, ಸ್ವಂತ ಹಾಡು. ಎಲ್ಲಿದೆ ಹಾಡು ಎಂದರೆ, "ಇನ್ನು ಬರೀಬೇಕು" ಎಂದಳು. ಕೂಸು ಹುಟ್ಟುವ ಮುನ್ನ ಕುಲಾವಿ! ಮಧ್ಯಾಹ್ನ ಬೆಂಚಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಬರೆದಳು. ಬಂದುಹೋಗುವ ಗಿರಾಕಿಗಳನ್ನು ಕದ್ದು ಕದ್ದು ನೋಡುತ್ತಿದ್ದಳು. ಆಮೇಲೆ ಓದಿ ಹೇಳಿದಳು:

ಕತ್ತರಿ ಕಚಕ್ ಕಚಕ್, ಕನ್ನಡಿಯಲ್ಲಿ ಯಾರು?
ಬರುವಾಗ ಕರಡಿ ಮಾಮ, ಹೋಗುವಾಗ ಯಾರು?
ಬೋಳು ತಲೆ ಮಾವ ಬಂದ, ಬಾಚಣಿಗೆ ಕೇಳಿದ,
ಕೂದಲೆಲ್ಲಿ ಅಂದರೆ ಜೇಬಲ್ಲಿದೆ ಅಂದ!

ಬೇಕರಿಯವರು ಸಿಟ್ಟಾಗುತ್ತಾರೇನೋ ಎಂದು ನಾನು ನಡುಗಿದೆ. ಅವರು ಎರಡು ಬನ್ನು ತಂದುಕೊಟ್ಟು, "ನನ್ನ ಪದ್ಯ ಕೊನೇಲಿ ಇನ್ನೊಂದ್ಸಲ ಬರ್ಬೇಕು" ಎಂದು ಷರತ್ತು ಹಾಕಿದರು.

ಸೆಪ್ಟೆಂಬರ್ 21, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ಭಾನುವಾರ ಅಂಗಡಿಯಲ್ಲಿ ಜಾತ್ರೆಯಷ್ಟು ಜನ. ಎರಡನೇ ಕುರ್ಚಿಯ ಹಲಗೆ ಮೇಲೆ ಚೂಟಿಯ ಸಂಗೀತ, ಮೊದಲನೇ ಕುರ್ಚಿಯಲ್ಲಿ ನನ್ನ ಕತ್ತರಿ. ಕತ್ತರಿ ತಾಳಕ್ಕೆ ಸರಿಯಾಗಿ ಬೀಳುತ್ತದೆ ಎಂದು ಗಿರಾಕಿಯೊಬ್ಬರು ಹೇಳಿದರು. ಅವರಿಗೆ ಜಿಯಿಂದ ಸಿಗೆ ಹೋಗುವುದರ ಕಷ್ಟ, ಉಂಗುರ ಬೆರಳು ಏಕೆ ಸೋಮಾರಿ, ಇದನ್ನೆಲ್ಲ ವಿವರಿಸುತ್ತಾ ಇದ್ದೆ. ಕಟಿಂಗ್ ಮುಗಿದ ಮೇಲೂ ವಿವರಿಸುತ್ತಿದ್ದೆನಂತೆ. ಅವರು ಎದ್ದು ಹೋಗಲಾರದೆ ಕೂತಿದ್ದರು ಎಂದು ಬೇಕರಿಯವರು ಚಾಡಿ ಹೇಳಿದರು.

ಅಕ್ಟೋಬರ್ 10, ಶುಕ್ರವಾರ

ಇವತ್ತು ಶಾಲೆಯಲ್ಲಿ ಮೊದಲ ರಿಹರ್ಸಲ್ ಇತ್ತು. ನಾಲ್ಕೂವರೆಗೆ ಬಂದಳು. ಬೆಂಚು ಹತ್ತಿ ಗಿಟಾರನ್ನು ಹಳೆಯ ಮೊಳೆಗೆ ತೂಗುಹಾಕಿದಳು. ಒಳಗೆ ಹೋದಳು.

ಅಕ್ಟೋಬರ್ 11, ಶನಿವಾರ

ಬೆಳಗ್ಗೆ ಕೇಳಿದೆ. ಹೇಳಲಿಲ್ಲ. ಮತ್ತೆ ಕೇಳಿದೆ. ನಾನು ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿದ್ದು ಇದೇ ಮೊದಲಿರಬೇಕು. ಕೊನೆಗೆ ಹೇಳಿದಳು: ಸ್ಟೇಜಿನ ಮೇಲೆ ಕೂತಳಂತೆ, ಜಿ ಹಿಡಿದಳಂತೆ, ಸಿಗೆ ಹೋಗಲು ತಲೆ ಎತ್ತಿ ನೋಡಿದಳಂತೆ. ಎದುರಿಗೆ ಕನ್ನಡಿಯಿಲ್ಲ, ಖಾಲಿ ಸಭಾಂಗಣ. ಕೈ ಕಲ್ಲಾಯಿತಂತೆ. ಬಗ್ಗಿ ನೋಡಿದರೆ ತಂತಿಗಳೆಲ್ಲ ತಲೆಕೆಳಗಾಗಿ ಕಂಡವಂತೆ. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಮಕ್ಕಳೆಲ್ಲ ನಕ್ಕರಂತೆ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಎಂಥ ಕೆಲಸ ಮಾಡಿಟ್ಟಿದ್ದೇನೆ! ಎರಡು ತಿಂಗಳಲ್ಲಿ ಈ ಮಗು ತನ್ನ ಬೆರಳನ್ನು ನೇರವಾಗಿ ಒಂದು ಸಲವೂ ನೋಡಿಲ್ಲ. ನೋಡಿದ್ದೆಲ್ಲ ಕನ್ನಡಿಯಲ್ಲಿ. ಬೇರೆ ಯಾವ ಮನೆಯಲ್ಲಿ ಕಲಿತಿದ್ದರೂ ಹೀಗಾಗುತ್ತಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ನಾನು ಅಂಗೈಗೇ ಕನ್ನಡಿ ಅಂಟಿಸಿಬಿಟ್ಟಿದ್ದೆ.

ದೊಡ್ಡ ಕನ್ನಡಿಗೆ ಬಟ್ಟೆ ಹೊದಿಸಿ, ಹಾಗೇ ನುಡಿಸು ಎಂದೆ. ಆಗಲಿಲ್ಲ. ಇಡೀ ದಿನ ಬಟ್ಟೆ ಹಾಗೇ ಇತ್ತು. ಮುಖ ಕಾಣದೆ ಶೇವಿಂಗ್ ಮಾಡಿಸಿಕೊಂಡ ಬೇಕರಿಯವರು, "ಒಂದು ಕಿವಿ ಹೋಯ್ತೋ, ಎರಡೂ ಇವೆಯೋ, ಅದನ್ನಾದ್ರೂ ಹೇಳಯ್ಯಾ" ಎಂದು ತಡವಿಕೊಂಡರು. ಅವಳು ನಗಲಿಲ್ಲ.

ಅಕ್ಟೋಬರ್ 12, ಭಾನುವಾರ

ಅತ್ತೆಯ ಫೋನ್. ನಾನು ಬಾಗಿಲ ಈಚೆ ಟವೆಲ್ ಮಡಚುತ್ತಿದ್ದೆ. ಚೂಟಿ ಹೇಳಿದ್ದು ಕೇಳಿಸಿತು: "ಅಜ್ಜೀ, ನೀನು ಬಂದಾಗ ನಾನೂ ಬರ್ತೀನಿ. ಆ ಶಾಲೇಲಿ ನಾನು ಇರಲ್ಲ."

ಟವೆಲ್ ಎಷ್ಟು ಸಲ ಮಡಚಿದೆನೋ.

ಅಕ್ಟೋಬರ್ 13, ಸೋಮವಾರ

ಹೆಂಡತಿಗೆ ಹೇಳಿದೆ. "ಅವಳಿಷ್ಟ ಅಂತ ಮಾತು ಕೊಟ್ಟಿದ್ದೀವಿ, ಬಲವಂತ ಬೇಡ" ಎಂದಳು. ದನಿ ಒದ್ದೆಯಾಗಿತ್ತು. ಬಲವಂತ ಮಾಡುವುದಿಲ್ಲ. ಆದರೆ ಸೋತು ಹೋಗುವುದು ಬೇಡ. ಹೋಗುವುದಾದರೆ ಗೆದ್ದು ಹೋಗಲಿ.

ಕನ್ನಡಿಯನ್ನೇ ಸ್ಟೇಜಿಗೆ ಹೊತ್ತುಕೊಂಡು ಹೋಗೋಣ ಎಂದರು ಬೇಕರಿಯವರು. ಅದು ಗೋಡೆಗೆ ಸಿಮೆಂಟ್ ಹಾಕಿ ಕೂರಿಸಿದ್ದು. ಹಿಂದಲೆ ತೋರಿಸುವ ಕೈಗನ್ನಡಿಯಲ್ಲಿ ಒಂದು ಬೆರಳು ಕಂಡರೆ ಹೆಚ್ಚು.

ಅಕ್ಟೋಬರ್ 17, ಶುಕ್ರವಾರ

ನಾಳೆ ಮಧ್ಯಾಹ್ನದವರೆಗೆ ಕಾಯಲಾರೆ, ರಾತ್ರಿಯೇ ಬರೆಯುತ್ತಿದ್ದೇನೆ, ಅಷ್ಟು ಸಂತೋಷ.

ಇನ್ನೊಂದೇ ಒಂದು ಸಲ ನೋಡೋಣ ಎಂದು ಬೇಡಿಕೊಂಡು ಹಲಗೆ ಮೇಲೆ ಕೂರಿಸಿದ್ದೆ. ಕನ್ನಡಿಗೆ ಮತ್ತೆ ಬಟ್ಟೆ ಹೊದಿಸಿದ್ದೆ. ಒಂದು ತುದಿ ಜಾರುತ್ತಿತ್ತು. ಅದನ್ನು ಸಿಕ್ಕಿಸಿ, ತಿರುಗಿ, ಕನ್ನಡಿಗೆ ಬೆನ್ನು ಕೊಟ್ಟು ಅವಳ ಎದುರು ನಿಂತೆ. ಅವಳು ಜಿ ಹಿಡಿದಳು. ನನಗೆ ಈಗ ಒಂದು ಕೆಟ್ಟ ಚಾಳಿ, ಅವಳು ನುಡಿಸುವಾಗ ನನ್ನ ಕೈಯೂ ಗಾಳಿಯಲ್ಲಿ ಆಡುತ್ತದೆ. ಅವಳ ಎಡಗೈಯ ಎದುರಿಗೆ ಇದ್ದದ್ದು ನನ್ನ ಬಲಗೈ, ಅದೇ ಮೇಲೆದ್ದಿತು. ಕನ್ನಡಿಯಲ್ಲಿ ನೋಡಿ ನೋಡಿ ಅದೇ ರೂಢಿ. ಜಿಯಿಂದ ಸಿಗೆ ಹೊರಳಿಸಿದೆ. ಅವಳ ಬೆರಳೂ ಹೊರಳಿತು. ನಿಲ್ಲಲಿಲ್ಲ. ಡಿ. ಮತ್ತೆ ಜಿ. ಕರಡಿ ಮಾಮ ಬಂದ, ಹೋದ. ಬೋಳು ತಲೆ ಮಾವನೂ ಬಂದ.

ನಾನು ಬೆರಗಾಗಿ ಒಂದು ಹೆಜ್ಜೆ ಈಚೆ ಬಂದೆ.

"ಅಲ್ಲೇ ನಿಂತ್ಕೋ! ಕದಲ್ಬೇಡ!" ಎಂದು ಕಿರುಚಿದಳು. "ನೀನು ಅಲ್ಲಿದ್ರೆ ನಂಗೆ ಬರತ್ತೆ!"

ಅಲ್ಲೇ ನಿಂತೆ. ಏಳು ಸಲ ನುಡಿಸಿದಳು. ಇಬ್ಬರು ಗಿರಾಕಿಗಳು ಕಾದು ಕಾದು ಎದ್ದು ಹೋದರು, ಹೋಗಲಿ.

ಈಗ ನನ್ನ ಪಾಡು ನೋಡಬೇಕು. ಮಧ್ಯಾಹ್ನದ ಹೊತ್ತು ಎಡಗೈಯಲ್ಲಿ ಕಲಿತದ್ದನ್ನೆಲ್ಲ ಬಲಗೈಗೆ ಹೊರಳಿಸಬೇಕು. ಪೊರಕೆ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಬೇಕರಿಯವರು ಬಾಗಿಲಲ್ಲಿ ನಿಂತು ಪೂರ್ತಿ ನೋಡಿ, ಏನೂ ಕೇಳದೆ, ಹಾಗೇ ಹಿಂದಕ್ಕೆ ಹೋದರು.

ಅಕ್ಟೋಬರ್ 23, ಗುರುವಾರ

ಎರಡನೇ ರಿಹರ್ಸಲ್‌ಗೆ ಅವಳು ಹೋಗಲಿಲ್ಲ. "ನೇರ ಅವತ್ತೇ ನುಡಿಸ್ತೀನಿ. ನೀನು ಮುಂದೆ ಕೂತ್ಕೋ, ಅಷ್ಟೇ" ಎನ್ನುತ್ತಾಳೆ. ಊರಿನ ಎದುರು ಗಾಳಿಯಲ್ಲಿ ಕೈ ಆಡಿಸುವುದೇ! ನನ್ನ ಮದುವೆಯ ದಿನವೂ ಹಿಂದಿನ ಸಾಲಿನಲ್ಲಿ ಜಾಗ ಹುಡುಕಿದವನು ನಾನು. ಹೂಂ ಎಂದಿದ್ದೇನೆ.

ಅಕ್ಟೋಬರ್ 26, ಭಾನುವಾರ

ಅಂಗಡಿ ತೆಗೆಯಲು ಇನ್ನೂ ಒಂದು ಗಂಟೆ ಇದೆ. ನಿನ್ನೆಯದನ್ನೆಲ್ಲ ಈಗಲೇ ಬರೆದುಬಿಡಬೇಕು.

ಶನಿವಾರವಾದರೂ ಬಾಗಿಲು ಹಾಕಿದೆ. ಅತ್ತೆ ಮಧ್ಯಾಹ್ನ ಬಂದಿಳಿದರು. ಒಂದು ಕೈಯಲ್ಲಿ ಅವರ ಚೀಲ, ಇನ್ನೊಂದರಲ್ಲಿ ಮಡಚಿಟ್ಟ ದೊಡ್ಡ ಖಾಲಿ ಚೀಲ. ಅದು ಯಾರ ಬಟ್ಟೆಗೆಂದು ಕೇಳಬೇಕಾಗಿರಲಿಲ್ಲ.

ಶಾಲೆಯ ಸಭಾಂಗಣದಲ್ಲಿ ಮುಂದಿನ ಎರಡು ಸಾಲು ಅತಿಥಿಗಳಿಗಂತೆ. ನಮ್ಮನ್ನು ಹಿಂದಕ್ಕೆ, ಕಂಬದ ಮರೆಗೆ ಕೂರಿಸಿದರು. ಚೂಟಿ ಗಿಟಾರ್ ತೆಗೆದುಕೊಂಡು, ಅದರ ಖಾಲಿ ಕವರನ್ನು ನನ್ನ ಕೈಗೆ ತುರುಕಿ ಹೋಗಿದ್ದಳು. ಮುಂದೆ ಜಾಗ ಕೊಡಿ ಎಂದು ಒಬ್ಬ ಮೇಡಂ ಹತ್ತಿರ ಕೇಳಿದೆ. ಅತಿಥಿಗಳ ಪಟ್ಟಿಯಲ್ಲಿ ಇದ್ದೀರಾ ಎಂದರು. ಇಲ್ಲ. ಕೂತೆ.

ಅವಳ ಸರದಿ ಬಂತು. ಸ್ಟೂಲಿನ ಮೇಲೆ ಕೂತಳು. ಮುಂದಿನ ಸಾಲು ನೋಡಿದಳು, ಎರಡನೆಯದು ನೋಡಿದಳು. ಕೋಟು ಹಾಕಿದ ಅತಿಥಿಗಳೇ. ಜಿ ಹಿಡಿದಳು, ಒಂದು ಸಲ ಮೀಟಿದಳು, ನಿಲ್ಲಿಸಿದಳು. ಯಾರೋ ಕೆಮ್ಮಿದರು. ಹುಡುಗರು ಕಿಸಕ್ಕೆಂದರು. ಅವಳ ಗಲ್ಲ ನಡುಗುವುದು ಕಂಬದ ಮರೆಯಿಂದಲೂ ನನಗೆ ಕಂಡಿತು.

ಆಮೇಲೆ ನಾನು ಹೇಗೆ ಎದ್ದೆ, ಯಾರ ಕಾಲು ತುಳಿದೆ, ಒಂದೂ ನೆನಪಿಲ್ಲ. ಸ್ಟೇಜಿನ ಬುಡದಲ್ಲಿ ಚಾಪೆ ಹಾಸಿ ಒಂದನೇ ಕ್ಲಾಸಿನ ಮಕ್ಕಳನ್ನು ಕೂರಿಸಿದ್ದರು. ಅವರ ನಡುವೆ ತೂರಿ ಚಕ್ಕಂಬಟ್ಟಲು ಹಾಕಿ ಕೂತೆ. ಪಕ್ಕದ ಪೋರ ನನ್ನ ಅಂಗಿ ಜಗ್ಗಿ, "ಅಂಕಲ್, ಎದ್ದೇಳಿ, ಇದು ನಮ್ಮ ಕ್ಲಾಸಿನ ಜಾಗ" ಎಂದ.

"ಅಲ್ಲಿರೋದು ನನ್ನ ಮಗಳು ಕಣೋ, ಸ್ವಲ್ಪ ಸುಮ್ನಿರು" ಎಂದು ಗದರಿ, ಗಿಟಾರಿನ ಕವರನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಬಲಗೈ ಎತ್ತಿ ಜಿ ಹಿಡಿದೆ.

ಅವಳು ನನ್ನನ್ನು ನೋಡಿದಳು. ಮೂಗು ಒರೆಸಿಕೊಂಡಳು. ನಾನು ತಲೆ ಅಲ್ಲಾಡಿಸಿದೆ.

ಕತ್ತರಿ ಕಚಕ್ ಕಚಕ್! ಶುರುವಾಯಿತು. ನಾನು ಸಿ, ಅವಳು ಸಿ. ನಾನು ಡಿ, ಅವಳು ಡಿ. ಬೆನ್ನ ಹಿಂದೆ ನಗು ಎದ್ದಿತು. ಈ ಮನುಷ್ಯ ಖಾಲಿ ಕವರ್ ಬಾರಿಸುತ್ತಿದ್ದಾನೆ ಎಂದು ನಕ್ಕರೋ, ಕರಡಿ ಮಾಮನಿಗೆ ನಕ್ಕರೋ, ನಾನು ತಿರುಗಿ ನೋಡಲಿಲ್ಲ. ಎರಡನೇ ಸಲ ಬೋಳು ತಲೆ ಮಾವ ಬಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿ ತಾಳ ಹಾಕುತ್ತಿತ್ತು. ಹಿಂದಿನಿಂದ ಬೇಕರಿಯವರು "ಅದು ನಾನೇ! ಅದು ನಾನೇ!" ಎಂದು ಕೂಗಿದರು. ಮುಗಿದಾಗ ಅವಳು ಎದ್ದು, ಎಲ್ಲರನ್ನೂ ಬಿಟ್ಟು, ನನಗೆ ನಮಸ್ಕಾರ ಮಾಡಿ, ಕಿಲಕಿಲ ನಕ್ಕು ಒಳಗೆ ಓಡಿದಳು. ನನಗೆ ಅಳು ಬಂತು. ನಾಚಿಕೆಯಿಲ್ಲದೆ, ಒಂದನೇ ಕ್ಲಾಸಿನವರ ಮಧ್ಯೆ ಕೂತು ಅತ್ತುಬಿಟ್ಟೆ. ಆ ಪೋರ ತನ್ನ ಕರವಸ್ತ್ರ ಕೊಟ್ಟ.

ಸಂಜೆ ಅಂಗಡಿಯ ಬೆಂಚಿನ ಮೇಲೆ ಅತ್ತೆ ಖಾಲಿ ಚೀಲ ಬಿಡಿಸಿದರು. ಹೋಗುವುದಾದರೆ ಗೆದ್ದು ಹೋಗಲಿ ಎಂದಿದ್ದೆನಲ್ಲ. ಗೆದ್ದಾಗಿತ್ತು.

"ಬಟ್ಟೆ ತುಂಬೋಣ್ವಾ ಚೂಟಿ? ನಾಳೆ ಬೆಳಗ್ಗೆ ಬಸ್ಸಿದೆ" ಎಂದರು ಅತ್ತೆ.

ಅವಳು ಬನ್ನು ತಿನ್ನುತ್ತಿದ್ದಳು. "ನಾಳೆ ಆಗಲ್ಲ ಅಜ್ಜೀ. ಭಾನುವಾರ ಅಂಗಡೀಲಿ ಜನ ಜಾಸ್ತಿ, ಕಾಯೋರಿಗೆ ನಾನು ನುಡಿಸ್ಬೇಕು."

"ಹಾಗಾದ್ರೆ ಸೋಮವಾರ?"

"ಸೋಮವಾರ ಶಾಲೆ ಇದ್ಯಲ್ಲ."

"ಇರಲ್ಲ ಅಂದಿದ್ದೆ?"

"ಅದು ಆವಾಗ" ಎಂದಳು, ಅತ್ತೆಗೇ ಏನೂ ತಿಳಿಯದು ಎಂಬಂತೆ. "ರಜೆಗೆ ಬರ್ತೀವಿ. ಅಮ್ಮ, ನಾನು, ಇವನು."

ಅತ್ತೆ ನನ್ನನ್ನು ನೋಡಿದರು, ಅವಳ ಕೈ ಹಿಡಿದು ಎಡಗೈ ಬೆರಳ ತುದಿ ಸವರಿದರು. ಗಟ್ಟಿಯಾಗಿವೆ. ನನ್ನ ಕೈಯನ್ನೂ ಕೇಳಿ ತೆಗೆದುಕೊಂಡು ನೋಡಿದರು. "ಇಬ್ಬರದ್ದೂ ಒಂದೇ ಥರ ಒಡೆದಿದೆ. ಕೊಬ್ಬರಿ ಎಣ್ಣೆ ಹಚ್ಚಿ" ಎಂದು ಚೀಲ ಮಡಚಿದರು. ಅದನ್ನು ಎಲ್ಲಿಡಲಿ ಎಂದು ನೋಡಿ ಗೋಡೆಯ ಮೊಳೆಗೆ ಸಿಕ್ಕಿಸಿದರು. ಗಿಟಾರ್ ಈಗ ಅಲ್ಲಿರುವುದಿಲ್ಲವಲ್ಲ. ಅದನ್ನು ಬಿಟ್ಟುಹೋದವನು ಬಂದರೆ ಏನು ಮಾಡ್ತೀಯಾ ಎಂದು ಬೇಕರಿಯವರು ಕೇಳಿದರು. ಒಂದು ಕಟಿಂಗ್ ಮಾಡಿ ಕಳಿಸ್ತೀನಿ ಎಂದೆ.

ಇವತ್ತು ಬೆಳಗ್ಗೆ ಅವಳ ಉಗುರು ತೆಗೆಯುತ್ತಿದ್ದೆ. ಐದನೇ ಬೆರಳಿಗೆ ಬಂದಾಗ ಹೇಳಿದಳು:

"ಹಲೋ, ನಿನ್ನೆ ನೀನು ಒಂದು ತಪ್ಪು ಮಾಡ್ದೆ. ಬೋಳು ತಲೆ ಮಾವ ಎರಡನೇ ಸಲ ಬಂದಾಗ ಡಿ ಹಿಡಿಯೋ ಕಡೆ ಜಿ ಹಿಡಿದೆ."

ಹೌದು. ಕಣ್ಣು ಮಂಜಾಗಿ ಬೆರಳು ತಪ್ಪಿತ್ತು. "ಮತ್ತೆ ನೀನು ಏನು ಹಿಡಿದೆ?"

"ನಾನೂ ಜಿನೇ ಹಿಡಿದೆ."

"ತಪ್ಪು ಅಂತ ಗೊತ್ತಿತ್ತಾ?"

"ಹೂಂ. ನಂಗೆ ಆವಾಗ ನೋಡ್ದೇನೇ ಬರ್ತಾ ಇತ್ತು. ಆದ್ರೆ ನೀನೊಬ್ನೇ ತಪ್ಪು ಮಾಡಿದ್ರೆ ಎಲ್ರೂ ನಿನ್ನ ನೋಡಿ ನಗ್ತಿದ್ರಲ್ಲ. ಅದಕ್ಕೆ."

ಖಾಲಿ ಕವರ್ ಬಾರಿಸುವವನ ತಪ್ಪು ಯಾರ ಕಿವಿಗೆ ಬೀಳುತ್ತದೆ ಮಗಳೇ ಎಂದು ಹೇಳಬೇಕೆಂದಿದ್ದೆ. ಕಿರುಬೆರಳಿನ ಉಗುರು ಬಹಳ ಹೊತ್ತು ತೆಗೆದೆ.

ಹೊರಗೆ ಆರೇಳು ಜನ ಕಾಯುತ್ತಿದ್ದಾರೆ. ಒಳಗೆ ಅವಳು ಶ್ರುತಿ ಮಾಡುತ್ತಿದ್ದಾಳೆ. ಬಾಗಿಲು ತೆಗೆಯಬೇಕು.